ಅತ್ತೆ ಒತ್ತದ ಬಟನ್

ಸೂರ್ಯನ ಮೇಲೆ ಪಿಎಚ್‌ಡಿ ಮಾಡುವವನ ಮೈಗೆ ಬಿಸಿಲು ಸಾಲದು ಎಂದು ಶಿರಸಿಯ ಡಾಕ್ಟರು ರಕ್ತಪರೀಕ್ಷೆಯ ಕಾಗದ ನೋಡಿ ಹೇಳಿದಾಗ ಮೊದಲು ನಕ್ಕವನು ನಾನೇ. "ವಿಟಮಿನ್ ಡಿ ತೀರಾ ಕಡಿಮೆ. ಹೊರಗೆ ಓಡಾಡೋದಿಲ್ವಾ? ಏನು ಕೆಲಸ ನಿಮ್ಮದು?" ಎಂದರು. "ಸೂರ್ಯನನ್ನ ನೋಡೋದು" ಎಂದೆ. ಡಾಕ್ಟರು ನನ್ನನ್ನೊಮ್ಮೆ, ಪಕ್ಕದಲ್ಲಿ ನಿಂತ ಅತ್ತೆಯನ್ನೊಮ್ಮೆ ನೋಡಿ, ಬಿದ್ದಾಗ ತಲೆಗೂ ಪೆಟ್ಟಾಗಿತ್ತೇ ಎಂದು ಕೇಳಿದರು.

ತಲೆಗೆ ಏನೂ ಆಗಿರಲಿಲ್ಲ. ಆದದ್ದು ಎಡಗಾಲಿಗೆ. ಹೇರೂರಿನ ನೆಂಟರ ಮನೆಯಲ್ಲಿ ಉಪನಯನ. ಊಟ ಮುಗಿದು ಜನ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತ ಹೊತ್ತು. ಅತ್ತೆಯ ಗಂಡ, ಅಂದರೆ ನನ್ನ ಮಾವ, ಶಿರಸಿಯಲ್ಲಿ ವಕೀಲರು. ಅವರು ಅಂಗಳದಿಂದ ಕೆಳಗಿನ ರಸ್ತೆಗೆ ಕಲ್ಲಿನ ಮೆಟ್ಟಿಲಿಳಿದು ಹೊರಟಿದ್ದರು. ಮಾವನ ನಡಿಗೆಗೆ ಒಂದು ಶೈಲಿ ಇದೆ. ಒಂದಿಷ್ಟು ಹೆಜ್ಜೆ ಮುಂದೆ, ಆಮೇಲೆ ಗಕ್ಕನೆ ನಿಲುಗಡೆ, ಎದುರಿಗೆ ನ್ಯಾಯಾಧೀಶರು ಕೂತಂತೆ ಗದ್ದ ಮೇಲೆ, ಮೈಮೇಲಿಲ್ಲದ ಕರಿಕೋಟಿನ ಅಂಚನ್ನು ಎಳೆದುಕೊಳ್ಳುವುದು, ಮತ್ತೆ ಹೆಜ್ಜೆ. ಇಂಥದ್ದು ಕಣ್ಣೆದುರು ನಡೆದು ಹೋಗುವಾಗ ನಾನು ಸುಮ್ಮನೆ ಕೂರಬೇಕೆಂದರೆ ಕೈಕಾಲು ಕಟ್ಟಿಹಾಕಬೇಕು. ಎದ್ದು ಹಿಂದೆಯೇ ಹೊರಟೆ. ಜಗಲಿ ನಗತೊಡಗಿತು. ನಗು ಕೇಳಿದರೆ ನನ್ನ ಗದ್ದ ಇನ್ನಷ್ಟು ಮೇಲೇರುತ್ತದೆ. ಗದ್ದ ಮೇಲೇರಿದರೆ ಮೆಟ್ಟಿಲು ಕಾಣುವುದಿಲ್ಲ. ಮಾವನಿಗೆ ವರ್ಷಗಟ್ಟಲೆಯ ಅಭ್ಯಾಸ, ನನಗೆ ಆ ಕ್ಷಣದ್ದು.

ಬಿದ್ದವನು ಕೂಗಿದೆ. ಚಪ್ಪಾಳೆ ಬಿತ್ತು.

"ಮಾವ ಬಿದ್ರೂ ಹಿಂಗೇ ಕೂಗ್ತ ನೋಡು!" ಎಂದು ಯಾರೋ ಹೇಳಿದರು.

"ಕಾಲು ಮುರತ್ತು, ನಿಜವಾಗ್ಲೂ ಮುರತ್ತು!" ಎಂದೆ. ನಗು ಇನ್ನೂ ಜೋರಾಯಿತು. ಕೊನೆಗೆ ಮಾವನೇ ತಿರುಗಿ ನೋಡಿ, ನನ್ನ ಪಾದ ಇರಬಾರದ ದಿಕ್ಕಿಗೆ ಮುಖ ಮಾಡಿರುವುದನ್ನು ಗಮನಿಸಿ, "ಅವ ನಾಟಕ ಮಾಡ್ತಾ ಇಲ್ಲೆ, ಎತ್ತಿ" ಎಂದರು. ನನ್ನ ಪರವಾಗಿ ಅವರು ಮಾಡಿದ ಮೊದಲ ವಾದ ಅದು. ಗೆದ್ದರು.

ಅಪ್ಪ ಅಮ್ಮ ಇರುವುದು ಯಲ್ಲಾಪುರದ ಕಡೆ, ಇಡಗುಂದಿಯಲ್ಲಿ. ಅಲ್ಲಿಂದ ಆಸ್ಪತ್ರೆಗೆ ಓಡಾಡುವುದು ಕಷ್ಟ, ಇಂಟರ್ನೆಟ್ಟಂತೂ ಗಾಳಿ ಬೀಸಿದ ದಿಕ್ಕಿನ ಮೇಲೆ. ಹಾಗಾಗಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಶಿರಸಿಯಲ್ಲಿ ಅತ್ತೆಯ ಮನೆಯ ಮಾಳಿಗೆ ಸೇರಿದೆ. ಮೇಲಕ್ಕೆ ನನ್ನನ್ನು ಕುರ್ಚಿ ಸಮೇತ ಎತ್ತಿ ತಂದರು. ಇಳಿಸುವ ಮಾತು ಯಾರೂ ಆಡಲಿಲ್ಲ. ತಗಡಿನ ಮಾಡು. ಅದರ ಮೇಲೆ ಚೈತ್ರದ ಸೂರ್ಯ. ಒಂದೇ ಕಿಟಕಿ, ಅದನ್ನು ತೆರೆದರೆ ಪಕ್ಕದ ಮನೆಯ ಸುಣ್ಣ ಕಾಣದ ಗೋಡೆ. ಸೂರ್ಯನ ಕಾವು ಪೂರ್ತಿ ನನ್ನದು, ಬೆಳಕು ಮಾತ್ರ ಬೇರೆಯವರದು.

ಹೊಟ್ಟೆಯ ಮೇಲೆ ಲ್ಯಾಪ್‌ಟಾಪು. ಅದರೊಳಗೆ ಒಂದು ಸೂರ್ಯನ ಕಲೆ.

ಆ ಕಲೆಯ ವಿಷಯ ಸ್ವಲ್ಪ ಹೇಳಲೇಬೇಕು. ಸೂರ್ಯನ ಮೈ ಎಂದರೆ ಸದಾ ಕುದಿಯುವ ಕೊಪ್ಪರಿಗೆ. ಬಿಸಿಯಾದದ್ದು ಮೇಲೆ ಬರುತ್ತದೆ, ಆರಿದ್ದು ಕೆಳಗೆ ಹೋಗುತ್ತದೆ. ಕೆಲವು ಕಡೆ ಕಾಂತಬಲ ಬಿಗಿಯಾಗಿ ಹಿಡಿದು ಈ ಕುದಿತವನ್ನು ಅದುಮಿಬಿಡುತ್ತದೆ. ಕೆಳಗಿನ ಬಿಸಿ ಮೇಲೆ ಬರಲಾರದೆ ಆ ಜಾಗ ಸುತ್ತಲಿಗಿಂತ ತಣ್ಣಗಾಗಿ ಕಪ್ಪಗೆ ಕಾಣುತ್ತದೆ. ಕಪ್ಪು ಅಂದರೆ ಕಪ್ಪಲ್ಲ. ಕಿತ್ತು ಪ್ರತ್ಯೇಕ ಇಟ್ಟರೆ ಕಣ್ಣು ಕುಕ್ಕುವಷ್ಟು ಬೆಳಕೇ. ಅಕ್ಕಪಕ್ಕದವರು ಹೆಚ್ಚು ಹೊಳೆಯುವುದರಿಂದ ಇದು ಕಪ್ಪು ಅನ್ನಿಸಿಕೊಂಡಿದೆ. ನಡುವೆ ಗಾಢ ಕಪ್ಪು, ಅದರ ಸುತ್ತ ಎಳೆಎಳೆಯಾದ ಅಂಚು. ಆ ಎಳೆಗಳ ತುದಿಯಲ್ಲಿ ಹೊಳೆಯುವ ಕಾಳುಗಳು. ಒಳಬದಿಯಲ್ಲಿರುವವು ಕಪ್ಪಿನತ್ತ ತೆವಳುತ್ತವೆ, ಹೊರಬದಿಯಲ್ಲಿರುವವು ಆಚೆಗೆ. ನಡುಗಪ್ಪಿನೊಳಗೂ ಸಣ್ಣ ಸಣ್ಣ ಚುಕ್ಕಿಗಳು ಮೂಡುತ್ತವೆ, ಮಂಕಾಗುತ್ತವೆ. ಸಣ್ಣ ಎಂದದ್ದು ಸೂರ್ಯನ ಲೆಕ್ಕದಲ್ಲಿ. ಒಂದು ಚುಕ್ಕಿಯೊಳಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರನ್ನೂ ಇಟ್ಟು ಹುಬ್ಬಳ್ಳಿಗೂ ಜಾಗ ಮಾಡಿಕೊಡಬಹುದು.

ನನ್ನ ಕೆಲಸ ಆ ಚುಕ್ಕಿಗಳ ಹಿಂದೆ ಹೋಗುವುದು. ದೂರದೇಶದ ಯಾವುದೋ ಬೆಟ್ಟದ ಮೇಲಿನ ದೂರದರ್ಶಕ ತೆಗೆದ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದರೆ ಪಿಚ್ಚರಾಗುತ್ತದೆ. ಆ ಪಿಚ್ಚರಿನಲ್ಲಿ ಒಂದೊಂದೇ ಚುಕ್ಕಿ ಎಲ್ಲಿ ಹುಟ್ಟಿತು, ಎತ್ತ ಸರಿಯಿತು, ಎಲ್ಲಿ ಮುಗಿಯಿತು ಎಂದು ಗುರುತಿಸುತ್ತ ಹೋಗಬೇಕು. ಅಂಚಿನಲ್ಲಿ ಹುಟ್ಟಿದವು ಒಳಮುಖವಾಗಿ ತುಸು ಸರಿದು ಆರಿಹೋಗುತ್ತವೆ ಎಂಬುದು ಗೊತ್ತಿದ್ದ ಸಂಗತಿ. ನಾನು ಕಂಡದ್ದು ಬೇರೆ. ನನ್ನ ಕಲೆಯಲ್ಲಿ ಕೆಲವು ಚುಕ್ಕಿಗಳು ಅಂಚಿನಿಂದ ಹೊರಟು, ಅಷ್ಟೆಲ್ಲ ಬಿಗಿತವನ್ನು ಸೀಳಿಕೊಂಡು, ನಟ್ಟನಡುವಿನವರೆಗೆ ಹೋಗಿದ್ದವು. ನನ್ನ ಇಡೀ ಪ್ರಬಂಧ ನಿಂತಿದ್ದು ಆ ಚುಕ್ಕಿಗಳ ಮೇಲೆ.

ನನ್ನ ಗೈಡು, ನಾವು ಮೇಡಂ ಎನ್ನುವವರು, ಫೋನಿನಲ್ಲಿ ಹೇಳಿದ್ದು ಇಷ್ಟು: "ಕಂಪ್ಯೂಟರ್ ತಾನೇ ಗುರುತು ಹಾಕಿದಾಗ ಆ ದಾರಿಗಳನ್ನ ನಡುವೆ ಕಡಿಯುತ್ತೆ. ನೀನು ಜೋಡಿಸ್ತೀಯ. ಚಿತ್ರ ನಡುಗಿದಾಗ ಕಂಪ್ಯೂಟರ್ ಬೇಗ ಕೈಬಿಡುತ್ತೆ, ಒಪ್ತೀನಿ. ಆದರೆ ನೀನು ಕೈಬಿಡೋದೇ ಇಲ್ಲ. ಈ ವಿಷಯ ಏನೂ ಗೊತ್ತಿಲ್ಲದ ಇನ್ನೊಬ್ಬರ ಹತ್ತಿರ ಅದೇ ಪಿಚ್ಚರ್ ಗುರುತು ಹಾಕಿಸು. ಅವರದ್ದೂ ನಿನ್ನದೂ ಹೊಂದಿದರೆ ಆ ಚುಕ್ಕಿಗಳ ಅಧ್ಯಾಯ ಉಳಿಯುತ್ತೆ. ಹೊಂದದಿದ್ದರೆ ಬೇರೆ ಕಲೆ ಹಿಡಿದು ಮೊದಲಿಂದ ಶುರು."

ಮೊದಲಿಂದ. ನನ್ನ ಜೊತೆಗೆ ಸೇರಿದವರೆಲ್ಲ ಪ್ರಬಂಧ ಒಪ್ಪಿಸಿ, ಹೆಸರಿನ ಮುಂದೆ ಡಾಕ್ಟರು ಹಚ್ಚಿಕೊಂಡು, ನನ್ನ ಮಿಮಿಕ್ರಿ ಕೇಳಲಿಕ್ಕೆ ಮಾತ್ರ ಫೋನು ಮಾಡುತ್ತಿದ್ದರು. ಅದೊಂದು ಅಧ್ಯಾಯ ಉಳಿದರೆ ನಾನೂ ಹೊರಗೆ. ಇಲ್ಲದಿದ್ದರೆ ಮತ್ತೆ ಅದೇ ಕತ್ತಲಿನ ಮುಂದೆ ವರ್ಷಗಟ್ಟಲೆ. ಮೇಡಮ್ಮಿನ ಮಾತು ಮುಗಿದ ಮೇಲೆ ಅವರ ದನಿಯಲ್ಲೇ "ಮೊದಲಿಂದ ಶುರು" ಎಂದು ಹೇಳಿನೋಡಿದೆ. ಎಷ್ಟು ಚಂದ ಹೇಳಿದರೂ ಅರ್ಥ ಬದಲಾಗಲಿಲ್ಲ.

ಏನೂ ಗೊತ್ತಿಲ್ಲದವರಿಗೆ ಆ ಮಾಳಿಗೆಯಲ್ಲಿ ಬರ ಇರಲಿಲ್ಲ. ನೋಡಲು ಬಂದವರೆಲ್ಲ ಪ್ಲಾಸ್ಟರನ್ನು ಕುಟ್ಟಿ ನೋಡಿ, ಒಂದೊಂದು ಎಣ್ಣೆಯ ಹೆಸರು ಹೇಳಿ, "ಬೇಜಾರು ಮಾಡ್ಕಳಡ. ಎಲ್ಲಿ, ನಮ್ಮ ಭಟ್ರ ನಮನಿ ಒಂಚೂರು ಮಾಡಿ ತೋರ್ಸು" ಎನ್ನುತ್ತಿದ್ದರು. ನಾನು ಮಲಗಿದಲ್ಲೇ ಭಟ್ಟರಾಗುತ್ತಿದ್ದೆ, ಬಸ್ ಕಂಡಕ್ಟರಾಗುತ್ತಿದ್ದೆ. ಮುಂಡಗೋಡದ ಕಡೆಯಿಂದ ಬರುವ ಫಿಸಿಯೋ ಹುಡುಗನಾಗಿ "ಏಳ್ರಿ ಸರ, ಹೆದರಬ್ಯಾಡ್ರಿ, ಒಂದೀಟ ಬಗ್ರಿ" ಎಂದು ನನಗೆ ನಾನೇ ಗದರಿಸಿಕೊಳ್ಳುತ್ತಿದ್ದೆ. ನಕ್ಕು, ಚಾ ಕುಡಿದು, ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಕೆಲಸದ ಬಗ್ಗೆ ಕೇಳಿದವರು ಮಾವ ಒಬ್ಬರೇ.

ಅವರು ಕೋರ್ಟಿನಿಂದ ಬಂದು ಪರದೆಗೆ ಬಗ್ಗಿ ನೋಡಿದರು. "ಎಂತದ ಇದು? ಉಪ್ಪಿನಕಾಯಿಗೆ ಬೂಸಲು ಬಂದಾಂಗೆ ಇದ್ದು."

"ಸೂರ್ಯನ ಮೇಲಿನ ಕಲೆ ಮಾವ."

"ಕಲೆ ಇಪ್ಪದು ಚಂದ್ರಂಗಲ್ದನಾ?"

"ಸೂರ್ಯಂಗೂ ಇದ್ದು."

"ಹಂಗಾರೆ ಇಬ್ರಿಗೂ ಇದ್ದು ಹೇಳಿ ಆತು" ಎಂದು, ಯಾವುದೋ ಹಳೆಯ ಕೇಸು ಇತ್ಯರ್ಥವಾದವರಂತೆ ಗದ್ದ ಎತ್ತಿ ಕೆಳಗಿಳಿದರು. ಅಣಕಿಸಲು ಎದ್ದು ನಿಲ್ಲುವ ಶಕ್ತಿ ಇಲ್ಲದ್ದರಿಂದ ಗದ್ದ ಮಾತ್ರ ಎತ್ತಿದೆ.

ಕೊನೆಗೆ ಸಿಕ್ಕಿಬಿದ್ದವಳು ಅತ್ತೆ. ಅವಳಿಗೆ ಕಂಪ್ಯೂಟರು ಹೊಸದಲ್ಲ. ಮಾವನ ಕಾಗದಪತ್ರ ಎಲ್ಲ ಟೈಪು ಮಾಡುವವಳು ಅವಳೇ. ನನ್ನ ಚುಕ್ಕಿಗಳ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ, ಎತ್ತ ಸರಿದರೆ ನನಗೆ ಲಾಭ ಎಂಬುದಂತೂ ಇಲ್ಲವೇ ಇಲ್ಲ. ಮಧ್ಯಾಹ್ನ ಊಟದ ಪಾತ್ರೆ ಒಯ್ಯಲು ಬಂದವಳನ್ನು ಕೂರಿಸಿದೆ.

"ಪಿಚ್ಚರ್ ಒಂದು ನೋಡಿ ಕೊಡವು ಅತ್ತೆ."

"ಎಂತ ಪಿಚ್ಚರ? ಹಾಡಿದ್ದಾ?"

"ಹಾಡಿಲ್ಲೆ, ಜಗಳವೂ ಇಲ್ಲೆ. ಬರೀ ಚುಕ್ಕಿ."

ಗುರುತು ಹಾಕಲು ನಾನೇ ಒಂದು ಪುಟ್ಟ ಪ್ರೋಗ್ರಾಮು ಬರೆದಿದ್ದೆ. ಅತ್ತೆಗೆಂದು ಅದರ ಬಟನ್ನುಗಳನ್ನು ನಮ್ಮ ಮನೆಮಾತಿಗೆ ತಿರುಗಿಸಿದೆ. ಚುಕ್ಕಿ ಹೊಸದಾಗಿ ಕಂಡರೆ ಅದರ ಮೇಲೆ ಕ್ಲಿಕ್ಕಿಸಿ 'ಬಂತು' ಒತ್ತಬೇಕು. ಮುಂದಿನ ಚಿತ್ರದಲ್ಲೂ ಇದ್ದರೆ, ಎಲ್ಲಿದೆಯೋ ಅಲ್ಲಿ ಕ್ಲಿಕ್ಕಿಸಿ 'ಇದ್ದು'. ಕಾಣದಾದರೆ 'ಹೋತು'. ಅಷ್ಟೇ. ಸೌರವಿಜ್ಞಾನದ ಇತಿಹಾಸದಲ್ಲಿ ನಮ್ಮ ಮಾತಿನ ಬಟನ್ನು ಇದೇ ಮೊದಲಿರಬೇಕು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಅತ್ತೆ ಅವನ್ನು ಓದಿ ನಕ್ಕಳು. ಮೂರನೆಯದನ್ನು ಓದುವಾಗ ನಗು ಸಣ್ಣದಾಯಿತು ಎಂದು ಈಗ ಅನ್ನಿಸುತ್ತದೆ. ಆಗ ನಾನು ನನ್ನ ಜಾಣತನ ನೋಡುವುದರಲ್ಲಿದ್ದೆ.

ಅವಳು ಗುರುತು ಹಾಕುವಾಗ ನಾನು ಪರದೆ ನೋಡುವಂತಿಲ್ಲ. ನೋಡಿದರೆ ನನ್ನ ಮುಖ ಅವಳಿಗೆ ದಾರಿ ಹೇಳಿಬಿಡುತ್ತದೆ. ಹಾಗಾಗಿ ಮಧ್ಯಾಹ್ನದ ಆ ಹೊತ್ತು ನಾನು ಗೋಡೆಯ ಕಡೆ ಮುಖ ಮಾಡಿ ಮಲಗಬೇಕಿತ್ತು. ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಪ್ಲಾಸ್ಟರಿನೊಳಗೆ ಬೆವರು ಇಳಿದು ಕೈಗೆಟುಕದ ಜಾಗದಲ್ಲಿ ತುರಿಸುತ್ತಿತ್ತು. ಬೆನ್ನ ಹಿಂದೆ ನನ್ನ ಭವಿಷ್ಯವನ್ನು ಅತ್ತೆ ಒಂದೊಂದೇ ಕ್ಲಿಕ್ಕಿನಲ್ಲಿ ತೀರ್ಮಾನಿಸುತ್ತಿದ್ದಳು, ನಾನು ಗೋಡೆಯ ಬಿರುಕು ನೋಡುತ್ತಿದ್ದೆ. ಬೇರೆಯವರ ದನಿಯಿಂದ ಬದುಕುವವನ ಕಿವಿ ಚುರುಕು. ಅವಳ ಉಸಿರು, ಬಳೆಯ ಸದ್ದು, ಅರ್ಧ ಗಂಟಲಿನ ಮಾತು ಎಲ್ಲ ಕೇಳುತ್ತಿದ್ದೆ. ಕೇಳಿ ಏನು ತಿಳಿಯಿತು ಅಂದರೆ ಏನೂ ಇಲ್ಲ.

"ಬಾ ಬಾ... ಹಾಂ. ಎಷ್ಟು ಸಾವಕಾಶ ಹೋಗ್ತೆ ಮಾರಾಯ್ತಿ... ಅಯ್ಯ, ಎಲ್ಲಿ ಹೊಕ್ಕಂಡೆ ಈಗ? ಇಲ್ಲಿದ್ಯನ. ಹಂ, ಇದ್ದು ಇದ್ದು."

"ಅತ್ತೆ, ಚುಕ್ಕಿ ಹತ್ರ ಮಾತಾಡಿರೆ ಅದಕ್ಕೆ ಕೇಳ್ತಿಲ್ಲೆ."

"ನಿನ್ನ ಹತ್ರ ಮಾತಾಡಿರೆ ನಿಂಗೆ ಕೇಳ್ತಾ? ಸುಮ್ನೆ ಆ ಬದಿಗೆ ತಿರುಗು."

ಮಾವನಿಗೆ ಈ ಏರ್ಪಾಟು ಸರಿಬರಲಿಲ್ಲ. "ಸ್ವಂತ ಅತ್ತೆನ್ನೇ ಸಾಕ್ಷಿ ಮಾಡಿದ್ಯಲ. ಮನೆಯವ್ರ ಸಾಕ್ಷಿಗೆ ಕೋರ್ಟಲ್ಲಿ ಎಂತ ಬೆಲೆ ಇದ್ದು?"

"ಅತ್ತೆಗೆ ಎಂಗೆ ಎಂತ ಬೇಕು ಹೇಳೇ ಗೊತ್ತಿಲ್ಲೆ ಮಾವ. ಹಂಗಾಗಿ ಸುಳ್ಳು ಹೇಳಲೆ ಬತ್ತಿಲ್ಲೆ."

"ಮನೆಯವ್ರಿಗೆ ಗೊತ್ತಿರವು ಹೇಳಿ ಇಲ್ಲೆ. ಗೊತ್ತಿಲ್ದೆನೂ ನಿನ್ನ ಬದಿಗೇ ಹೇಳ್ತ" ಎಂದರು ಮಾವ.

ಪಿಚ್ಚರು ಮುಗಿಯಲು ಹಲವು ಮಧ್ಯಾಹ್ನ ಹಿಡಿದವು. ಕಡೆಗೊಂದು ದಿನ ಅತ್ತೆ "ಮುಗತ್ತು" ಎಂದು ಕನ್ನಡಕ ತೆಗೆದಳು. ನಾನು ತಿರುಗಿ, ಅವಳು ಹಾಕಿದ ದಾರಿಗಳನ್ನು ನನ್ನ ದಾರಿಗಳ ಮೇಲೆ ಕೂರಿಸಿದೆ. ನನ್ನದು ಕೆಂಪು ಗೆರೆ, ಅವಳದ್ದು ನೀಲಿ. ಪರದೆಯ ಮೇಲೆ ಎರಡೂ ಒಟ್ಟಿಗೆ ಮೂಡಿದಾಗ ನನ್ನ ಬಾಯಿಂದ ಯಾರ ದನಿಯೂ ಅಲ್ಲದ ಒಂದು ಕೂಗು ಹೊರಟಿತು. ನನ್ನ ಚುಕ್ಕಿಗಳು ನಡುವಿಗೆ ಹೋದದ್ದು ನಿಜವಾಗಿತ್ತು. ಅತ್ತೆಯ ನೀಲಿ ಗೆರೆಗಳು ನನ್ನವುಗಳ ಜೊತೆಗೇ ಹೊರಟು, ನನ್ನವು ನಿಂತ ಮೇಲೂ ಮುಂದೆ ಹೋಗಿದ್ದವು. ಕೆಲವಂತೂ ಕಪ್ಪನ್ನು ಪೂರ್ತಿ ದಾಟಿ ಆಚೆಯ ಅಂಚು ಮುಟ್ಟಿದ್ದವು.

ಹಾಸಿಗೆಯಲ್ಲೇ ಎರಡೂ ಕೈ ಎತ್ತಿದೆ. ಮಾಳಿಗೆಯ ಮಾಡು ಸ್ವಲ್ಪ ಮೇಲೆ ಹೋದಂತೆ ಕಂಡಿತು. ಅತ್ತೆ ಗಾಬರಿಯಾಗಿ "ಎಂತಾತಾ? ಕಾಲು ನೋಯ್ತ?" ಎಂದಳು. "ಎಂತ ಆಯ್ದಿಲ್ಲೆ ಅತ್ತೆ, ಎಲ್ಲ ಚಲೋ ಆತು" ಎಂದು ಮೇಡಮ್ಮಿಗೆ ಫೋನು ಹಚ್ಚಿದೆ.

ಮೇಡಂ ಪೂರ್ತಿ ಕೇಳಿದರು. ಮೊದಲು "ಒಳ್ಳೇದು" ಎಂದರು. ನಾನು ಉಬ್ಬಿದೆ. ಆಮೇಲೆ ದನಿ ತಗ್ಗಿಸಿದರು. ಮೇಡಮ್ಮಿನ ಆ ದನಿಯನ್ನು ಅಣಕಿಸುವುದು ನನಗೆ ಇಂದಿಗೂ ಬಂದಿಲ್ಲ.

"ಅವರ ಚುಕ್ಕಿಗಳು ಎಷ್ಟು ಹೊತ್ತು ಬದುಕಿದ್ದಾವೆ?"

"ಹಾಗಂದರೆ?"

"ಎಲ್ಲಿ ಮುಗಿದಿದ್ದಾವೆ ನೋಡು. ಶುರುವಾದದ್ದು ನೋಡಿದ್ದೀಯ, ಮುಗಿದದ್ದು ನೋಡಿಲ್ಲ ನೀನು."

ನೋಡಿದೆ. ಒಂದೂ ಮುಗಿದಿರಲಿಲ್ಲ. ಅತ್ತೆ ಒಮ್ಮೆ ಹಿಡಿದ ಚುಕ್ಕಿ ಪಿಚ್ಚರಿನ ಕೊನೆಯ ಚಿತ್ರದವರೆಗೂ ಜೀವಂತ ಇತ್ತು. ಚುಕ್ಕಿಯ ಆಯುಷ್ಯ ಅಷ್ಟಿರಲು ಸಾಧ್ಯವೇ ಇಲ್ಲ. ಸೂರ್ಯನಲ್ಲಿ ಅವು ನಾವು ಒಂದು ಊಟ ಮುಗಿಸುವುದರೊಳಗೆ ಹುಟ್ಟಿ ಆರುತ್ತವೆ. ಇಡೀ ಪಿಚ್ಚರಿನಲ್ಲಿ 'ಹೋತು' ಎಂಬ ಬಟನ್ನನ್ನು ಅವಳು ಒಮ್ಮೆಯೂ ಒತ್ತಿರಲಿಲ್ಲ.

ನಾನು ಮೊದಲು ಪ್ರೋಗ್ರಾಮಿನ ತಪ್ಪು ಎಂದುಕೊಂಡೆ. ಬಟನ್ನು ಒತ್ತಿ ನೋಡಿದೆ. ಸರಿಯಾಗೇ ಇತ್ತು. ಅತ್ತೆಯನ್ನು ಕೂಗಿದೆ. ಹಿಟ್ಟಿನ ಕೈಯಲ್ಲೇ ಮೇಲೆ ಬಂದಳು.

"ಅತ್ತೆ, ಚುಕ್ಕಿ ಕಾಣದಿದ್ರೆ ಎಂತ ಮಾಡ್ದೆ?"

"ಕಾದೆ."

"ಕಾದು?"

"ಅಲ್ಲೇ ಹತ್ರ ಇನ್ನೊಂದು ಬತ್ತಿತ್ತು. ಅದೇ ಹೇಳಿ ತಗಂಡೆ."

"ಇದು ಇತ್ತಲೆ, 'ಹೋತು' ಹೇಳಿ. ಅದ್ನ ಎಂತಕ್ಕೆ ಒತ್ತಿದ್ದಿಲ್ಲೆ?"

ಅತ್ತೆ ಬಾಗಿಲ ಹತ್ತಿರ ನಿಂತು ನನ್ನ ಪ್ಲಾಸ್ಟರನ್ನು ನೋಡಿದಳು. "ಹೋತು ಹೇಳಿ ಹೆಂಗೆ ಒತ್ತದಾ? ಮನೆಯಿಂದ ಹೊರಡಕ್ಕಾರೆ ಯಾರಾದ್ರೂ 'ಹೋಗ್ತೆ' ಹೇಳಿ ಹೇಳ್ತ್ವ? 'ಬತ್ತೆ' ಹೇಳ್ತ. ಅಂಗಡಿಗೆ ಹೋಪವೂ 'ಬತ್ತೆ' ಹೇಳೇ ಹೋಪದು. ನೀನು ಕಾಲು ಮುರ್ಕಂಡು ಬಿದ್ಕಂಡಿದ್ದೆ. ಓದಿದ್ದೆಲ್ಲ ಇದ್ರ ಮೇಲೆ ನಿಂತಿದ್ದು ಹೇಳಿ ನಿನ್ನ ಅಪ್ಪ ಫೋನಲ್ಲಿ ಹೇಳಿದ್ದ. ನಿನ್ನ ಕೆಲಸ ಕೈಲಿ ಹಿಡ್ಕಂಡು, ಹೋತು, ಹೋತು, ಹೋತು ಹೇಳಿ ಆನು ಒತ್ತತಾ ಕುತ್ಗಳವನ? ಬಾಯಲ್ಲಿ ಹೇಳದಲ್ಲ, ಬೆರಳಲ್ಲಿ ಹೇಳದು, ಅಷ್ಟೇ ವ್ಯತ್ಯಾಸ."

ನಗು ಬಂತು. ಅವಳ ಎದುರಿಗೇ ಅವಳ ದನಿಯಲ್ಲಿ "ಹೋತು ಹೇಳಿ ಹೆಂಗೆ ಒತ್ತದಾ?" ಎಂದು ಹೇಳಿಯೂ ತೋರಿಸಿದೆ. "ಮಳ್ಳ" ಎಂದು ಹಿಟ್ಟಿನ ಕೈಯಲ್ಲೇ ತಲೆಗೆ ಮೊಟಕಿದಳು. ಆದರೆ ಅವಳು ಕೆಳಗಿಳಿದ ಮೇಲೆ ನಗು ಉಳಿಯಲಿಲ್ಲ. ತಪ್ಪು ನನ್ನದು. ಮನೆಮಾತಿನ ಬಟನ್ನು ಮಾಡಿ ಬೀಗಿದವನಿಗೆ, ಆ ಮಾತನ್ನು ಮನೆಯಲ್ಲಿ ಯಾವಾಗ ಆಡುವುದಿಲ್ಲ ಎಂಬುದು ಹೊಳೆದಿರಲಿಲ್ಲ. ಎಲ್ಲರ ದನಿ ಹಿಡಿಯುತ್ತೇನೆಂದು ತಿರುಗುವ ನನಗೆ, ಅವರು ಬಾಯಿ ಬಿಡದೆ ನುಂಗುವ ಮಾತು ಮಾತ್ರ ಕೇಳಿಸುವುದಿಲ್ಲ.

ಮಾವ ವಿಷಯ ಕೇಳಿ ಗದ್ದ ಎತ್ತಲೂ ಇಲ್ಲ, ಖುಷಿಪಡಲೂ ಇಲ್ಲ. "ಆನು ಅವತ್ತೇ ಹೇಳಿದ್ದೆ" ಎಂದಷ್ಟೇ ಹೇಳಿ ಸಾರಿಗೆ ಉಪ್ಪು ಕಡಿಮೆ ಎಂದರು.

ಮರುದಿನ ಬಟನ್ನಿನ ಮೇಲಿನ 'ಹೋತು' ಅಳಿಸಿ 'ಬತ್ತೆ', ಅಂದರೆ ಬರುತ್ತೇನೆ, ಎಂದು ಬರೆದೆ. ಅತ್ತೆಗೆ ಹೇಳಿದೆ: ಚುಕ್ಕಿ ಮಂಕಾಗಿ ಕಾಣದಾದರೆ ಅದು ನಿನಗೆ 'ಬತ್ತೆ' ಹೇಳಿದೆ ಎಂದು ತಿಳಿ. ಕಾಯಬೇಡ, ಹುಡುಕಬೇಡ, ಹತ್ತಿರ ಬಂದದ್ದನ್ನು ಅದೇ ಎಂದುಕೊಳ್ಳಬೇಡ. ಆಮೇಲೆ ಬಂದದ್ದು ಹೊಸ ನೆಂಟರು.

"ಹಂಗಾರೆ ಅಡ್ಡಿಲ್ಲೆ" ಎಂದಳು.

ಮತ್ತೆ ಗೋಡೆ. ಮತ್ತೆ ಬಿರುಕು. ಈ ಸಲ ಅತ್ತೆ ಹೆಚ್ಚು ಮಾತಾಡಲಿಲ್ಲ. ಕ್ಲಿಕ್, ಕ್ಲಿಕ್, ಸ್ವಲ್ಪ ತಡೆದು ಒಂದು ಗಟ್ಟಿ ಕ್ಲಿಕ್. ಆ ಗಟ್ಟಿ ಕ್ಲಿಕ್ಕು ಯಾವ ಬಟನ್ನಿನದ್ದು ಎಂದು ಕಿವಿಗೆ ಬೇಗ ಗೊತ್ತಾಯಿತು. ಅದು ಬರುತ್ತಲೇ ಇತ್ತು. ತಡೆ ಅತ್ತೆ, ಇನ್ನೊಂದು ಚಿತ್ರ ನೋಡು, ಬಂದೀತು ಎಂದು ಹೇಳಬೇಕೆನ್ನಿಸಿ ತುಟಿ ಕಚ್ಚಿ ಹಿಡಿದೆ. ಸೂರ್ಯ ತಗಡಿನ ಮೇಲೆ ಕೂತು ಇಡೀ ಮಾಳಿಗೆಯನ್ನು ಬೇಯಿಸುತ್ತಿದ್ದ. ಹೊರಳಲು ಆಗದು, ಏಳಲು ಆಗದು, ಮಾತಾಡಲೂ ಆಗದು.

ಹೊಸ ನೀಲಿ ಗೆರೆಗಳು ಮೂಡಿದಾಗ ಅವು ಗೆರೆಗಳಂತೆಯೇ ಇರಲಿಲ್ಲ. ಗೀಟುಗಳು, ತುಂಡುಗಳು. ಅಂಚಿನ ಉದ್ದಕ್ಕೂ ಒಳಮುಖವಾಗಿ ಒಂದಿಷ್ಟು ಸರಿದು ನಿಂತವು. ನಡುವಿನ ಕಪ್ಪಿನಲ್ಲಿ ಇದ್ದವು ಹುಟ್ಟಿದಲ್ಲೇ ಅತ್ತಿತ್ತ ತುಸು ಅಲುಗಿ ಆರಿದ್ದವು. ಅಂಚಿನಿಂದ ನಡುವಿನವರೆಗೆ ಹೋದದ್ದು ಒಂದೂ ಇಲ್ಲ.

ನಾನು ಇನ್ನೂ ಸೋಲೊಪ್ಪಲಿಲ್ಲ. ಅತ್ತೆ ಈಗ ಬಹಳ ಬೇಗ ಬಿಡುತ್ತಿರಬಹುದು, ನನ್ನದೇ ಸರಿ ಇರಬಹುದು. ನನ್ನ ಕೆಂಪು ದಾರಿಗಳಲ್ಲಿ ಅತಿ ಉದ್ದದ್ದನ್ನು ತೆರೆದೆ. ಪ್ರೀತಿಯ ಚುಕ್ಕಿ ಅದು. ಸೆಮಿನಾರುಗಳಲ್ಲಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಅತ್ತೆ ಅದನ್ನು ಎಲ್ಲೆಲ್ಲಿ ತುಂಡು ಮಾಡಿದ್ದಾಳೋ ಆ ಚಿತ್ರಗಳನ್ನು ಹಿಗ್ಗಿಸಿ, ಪಿಚ್ಚರು ಓಡಿಸದೆ, ಒಂದೊಂದನ್ನೇ ನಿಲ್ಲಿಸಿ ನೋಡಿದೆ. ಚುಕ್ಕಿ ಇದೆ. ಮಂಕಾಗಿದೆ. ಮುಂದಿನದರಲ್ಲಿ ಆ ಜಾಗ ಬರಿಯ ಕಪ್ಪು. ಅದರ ಮುಂದಿನದರಲ್ಲೂ ಕಪ್ಪು. ಆಮೇಲೆ ಸ್ವಲ್ಪ ಒಳಗೆ ಇನ್ನೊಂದು ಚುಕ್ಕಿ ಮೂಡಿದೆ. ಇದು ಅದರ ಮುಂದಿನ ಹೆಜ್ಜೆ ಎಂದು ನನ್ನ ಗುರುತು ಆ ಕಪ್ಪನ್ನು ಹಾರಿ ಕೂತಿದೆ. ಇನ್ನೊಂದು ತುಂಡಿನಲ್ಲೂ ಹಾಗೇ. ಮತ್ತೊಂದರಲ್ಲೂ. ನನ್ನ ಪ್ರೋಗ್ರಾಮಿನ ಬಟನ್ನು ಇಂಗ್ಲಿಷಿನಲ್ಲಿತ್ತು; ಒತ್ತದಂತೆ ನನ್ನನ್ನು ಅದು ತಡೆದಿರಲಿಲ್ಲ. ಅತ್ತೆಗೆ ಅಪಶಕುನದ ಹೆದರಿಕೆ. ನನಗೆ ಹೆದರಿಕೆಯೂ ಇಲ್ಲದೆ, ಒಂದಾದರೂ ಆ ಬಿಗಿತದೊಳಗೆ ಕೊನೆವರೆಗೆ ಹೋಗಲಿ ಎಂಬ ಆಸೆ. ಆ ಆಸೆಗೆ ನಾನು ಇಷ್ಟು ವರ್ಷ ಸಂಶೋಧನೆ ಎಂದು ಹೆಸರಿಟ್ಟಿದ್ದೆ.

ಕಂಪ್ಯೂಟರು ಕೆಲವು ಕಡೆ ಬೇಗ ಕೈಬಿಟ್ಟದ್ದು ನಿಜ. ಆ ಜಾಗದಲ್ಲಿ ಅತ್ತೆ ಸರಿಯಾಗಿಯೇ ಮುಂದುವರಿಸಿದ್ದಳು. ಆದರೂ ದಾರಿ ನಡುವಿಗೆ ಮುಟ್ಟಲಿಲ್ಲ.

ಮೇಡಮ್ಮಿಗೆ ಎರಡೂ ಫೈಲು ಕಳಿಸಿ ಫೋನು ಮಾಡಿದೆ. ಮೊದಲೇ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಮಾವನ ಧಾಟಿಯಲ್ಲಿ ಜೋಡಿಸಿಕೊಂಡಿದ್ದೆ, ವಾದ ಮಾಡಿದರೆ ಏನಾದರೂ ಉಳಿದೀತು ಎಂದು. ಅವರು ಫೋನು ಎತ್ತಿದ ಮೇಲೆ ಅದು ಯಾವುದೂ ಬರಲಿಲ್ಲ.

"ಮೇಡಂ, ಆ ಚುಕ್ಕಿಗಳು ನಡುವಿಗೆ ಹೋಗಿಲ್ಲ. ನಾನೇ ಕರಕೊಂಡು ಹೋಗಿದ್ದು."

"ಎರಡನೇ ಸಲ ಗುರುತು ಹಾಕಿದವರು ಯಾರು?"

"ಅತ್ತೆಯೇ. ಈ ಸಲ ಸರಿಯಾಗಿದೆ."

ಅವರು ಫೈಲು ತೆರೆದು ನೋಡುವ ಸದ್ದು ಕೇಳಿಸಿತು. ಬೈಯಲಿಲ್ಲ. ಬೈದಿದ್ದರೆ ಮುಂದೆ ಅದನ್ನು ಅಣಕಿಸಿ ಒಂದು ಐಟಂ ಮಾಡಬಹುದಿತ್ತು. "ಅಧ್ಯಾಯ ತೆಗೆದುಬಿಡು" ಎಂದರು, ಬಹಳ ಸಾದಾ ದನಿಯಲ್ಲಿ. "ಹೊಸ ಕಲೆಯ ಚಿತ್ರಗಳು ಬಂದಿದ್ದಾವೆ. ಇವತ್ತು ಲಿಂಕ್ ಕಳಿಸ್ತೀನಿ. ಕಾಲು ಹೇಗಿದೆ?"

"ಇನ್ನೂ ಬಿಚ್ಚಿಲ್ಲ."

"ಹಾಗಾದರೆ ಸಮಯ ಇದೆ" ಎಂದರು. ಅದು ಹಾಸ್ಯವೋ ಸಮಾಧಾನವೋ ನನಗೆ ತಿಳಿಯಲಿಲ್ಲ.

ಸಂಜೆ ಅತ್ತೆ ಚಾ ತಂದು, ನನ್ನ ಮುಖ ನೋಡಿ, ಲೋಟ ಕೈಗೆ ಕೊಡದೆ ಹಿಡಿದುಕೊಂಡೇ ಕೇಳಿದಳು: "ಆನು ಒತ್ತಿದ್ದಕ್ಕೇ ಹಿಂಗಾತನಾ?"

"ನೀನು ಒತ್ತಿದ್ದಕ್ಕೆ ಗೊತ್ತಾತು."

"ಗೊತ್ತಾಗದೇ ಇದ್ರೆ ಚಲೋ ಇರ್ತಿತ್ತು ಹಂಗಾರೆ."

ಇಲ್ಲ ಎಂದು ಹೇಳಬೇಕಿತ್ತು. ಲೋಟ ಇಸಿದುಕೊಂಡೆ. ಅವಳು ಮಂಚದ ಕಾಲ ಕಡೆ ಕೂತು, ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ನನ್ನ ಬೆರಳುಗಳನ್ನು ಸೀರೆಯ ಸೆರಗಿನಿಂದ ಒರೆಸಿದಳು. ಅವುಗಳ ಮೇಲೆ ಧೂಳೇನೂ ಇರಲಿಲ್ಲ.

ಹೊಸ ಚಿತ್ರಗಳು ಇಳಿಯಲು ಎರಡು ದಿನ ತಗಲಿತು. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಈ ಕಲೆ ಹಳೆಯದಕ್ಕಿಂತ ದೊಡ್ಡದು, ನಡುವಿನ ಕಪ್ಪು ಇನ್ನೂ ಅಗಲ. ಕೆಳಗೆ ಮಾವ ಯಾರಿಗೋ ಫೋನಿನಲ್ಲಿ ತಾರೀಖು ಮುಂದೆ ಹೋದದ್ದನ್ನು ವಿವರಿಸುತ್ತಿದ್ದರು. ನಾನು ಮೊದಲ ಚಿತ್ರ ತೆರೆದೆ. ಎಳೆಗಳ ತುದಿಯಲ್ಲಿ ಒಂದು ಕಾಳು ಕಳಚಿ ಕಪ್ಪಿನೊಳಗೆ ಕಾಲಿಟ್ಟಿತ್ತು. ಗುರುತು ಹಾಕಿದೆ. ಮುಂದಿನದರಲ್ಲಿ ಕೂದಲೆಳೆಯಷ್ಟು ಒಳಗೆ. ಮತ್ತೂ ಒಳಗೆ. ಆಮೇಲೆ ನಿಧಾನವಾಯಿತು, ಮಸುಕಾಯಿತು. ಆಮೇಲಿನ ಚಿತ್ರದಲ್ಲಿ ಇರಲಿಲ್ಲ. ಅದಿದ್ದ ಜಾಗಕ್ಕೆ ತಾಗಿದಂತೆ, ತುಸು ಮುಂದೆ, ಇನ್ನೊಂದು ಬೆಳ್ಳಗೆ ಏಳುತ್ತಿತ್ತು. ಕೈ ತಾನಾಗಿ ಅತ್ತ ಹೊರಟಿತು. ಹಿಂದಕ್ಕೆ ಎಳೆದುಕೊಂಡು, ಮೊದಲನೆಯದನ್ನು ಅಲ್ಲಿಗೆ ಮುಗಿಸಿದೆ.